ನಾಯಿ, ಬೆಕ್ಕಿನ ಜೊತೆ ಪ್ರಯಾಣ: ಕೋಲಾರ ಸೀಮೆಯವರಿಗೆ ಮಾಹಿತಿ

ಕೋಲಾರ ಜಿಲ್ಲೆಯಲ್ಲಿ ಸಾಕಿದ ಪ್ರಾಣಿ ಎಂದರೆ ಮೊದಲು ಕಣ್ಣಮುಂದೆ ಬರುವುದು ಸೀಮೆಹಸು. ಈಗ ಕೋಲಾರ, ಮಾಲೂರಿನ ಬಡಾವಣೆಗಳಲ್ಲಿ ಲ್ಯಾಬ್ರಡಾರ್, ಪಗ್, ಪರ್ಷಿಯನ್ ಬೆಕ್ಕುಗಳೂ ಮನೆಮಕ್ಕಳಂತೆ ಬೆಳೆಯುತ್ತಿವೆ. ಹಬ್ಬ, ಮದುವೆ, ತಿರುಪತಿ ಯಾತ್ರೆ ಬಂದಾಗ ಅವುಗಳದ್ದೇ ಚಿಂತೆ.

ಕರೆದೊಯ್ಯಲೇಬೇಕೆ?

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಬೆಕ್ಕಿಗೆ ಮನೆಯವರಷ್ಟೇ ಮನೆಯೂ ಮುಖ್ಯ. ಎರಡು ದಿನದ ಮಟ್ಟಿಗಾದರೆ ಪಕ್ಕದ ಮನೆಯವರು ಬಂದು ಅನ್ನ, ನೀರು ಇಟ್ಟುಹೋದರೆ ಸಾಕು. ಮುಳಬಾಗಿಲಿನ ಆಂಜನೇಯನ ಗುಡಿಗೋ ಕುರುಡುಮಲೆಗೋ ಹೊರಟರೆ ನಾಯಿಯನ್ನು ಗುಡಿಯೊಳಗೆ ಬಿಡುವುದಿಲ್ಲ. ಒಬ್ಬರು ಅದರ ಜೊತೆ ಹೊರಗೇ ನಿಲ್ಲಬೇಕಾಗುತ್ತದೆ. ನಿಲ್ಲುವವರು ಯಾರೆಂದು ಮನೆಯಲ್ಲೇ ತೀರ್ಮಾನವಾಗದಿದ್ದರೆ ನಾಯಿ ಊರಲ್ಲೇ ಇರಲಿ. ಕೋತಿಗಳ ಅಂತರಗಂಗೆ ಬೆಟ್ಟಕ್ಕಂತೂ ಅದನ್ನು ಕರೆದೊಯ್ಯದಿರುವುದೇ ಲೇಸು.

ಲಸಿಕೆ, ಕಾಗದಪತ್ರ

ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಇನ್ನೂ ಹಾಕಿಸಿಲ್ಲವಾದರೆ ಪ್ರಯಾಣಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಹಾಕಿಸಿ. ದೇಹದಲ್ಲಿ ರೋಗನಿರೋಧಕ ಶಕ್ತಿ ಬೆಳೆಯಲು ಅಷ್ಟು ಸಮಯ ಬೇಕು. ವಿಶ್ವ ರೇಬಿಸ್ ದಿನವಾದ ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳು ಉಚಿತ ಲಸಿಕೆ ಶಿಬಿರ ನಡೆಸುವುದುಂಟು. ಲಸಿಕೆ ಪುಸ್ತಕ ಜೊತೆಯಲ್ಲಿರಲಿ, ಕೊರಳಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಇರಲಿ. ಗೊತ್ತಿಲ್ಲದ ಊರಲ್ಲಿ ನಾಯಿ ತಪ್ಪಿಸಿಕೊಂಡರೆ ಆ ನಂಬರೇ ಗತಿ.

ಕಾರು ಮತ್ತು ಬಿಸಿಲು

ಕೋಲಾರದಿಂದ ಮುಳಬಾಗಿಲು ದಾಟಿ ಆಂಧ್ರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದ ನಾಯಿಗಳು ಕಾಣಸಿಗುತ್ತವೆ. ನೋಡಲು ಚೆಂದ, ಕಣ್ಣಿಗೆ ಧೂಳು, ಕಲ್ಲಿನ ಚೂರು ಬಡಿದರೆ ಗಾಯ ಖಂಡಿತ. ಎದೆಪಟ್ಟಿ ಹಾಕಿ ಹಿಂದಿನ ಸೀಟಿನ ಬೆಲ್ಟಿಗೆ ಸಿಕ್ಕಿಸುವುದು ಸರಿಯಾದ ಕ್ರಮ. ಪಿಕಪ್‌ ಗಾಡಿಯ ಹಿಂಬದಿಯಲ್ಲಿ ಕೊರಳಿಗೆ ಸರಪಳಿ ಬಿಗಿದು ಕಟ್ಟುವುದು ಬೇಡವೇ ಬೇಡ. ನಾಯಿ ಹೊರಗೆ ಹಾರಿದರೆ ಸರಪಳಿಯೇ ನೇಣಾಗುತ್ತದೆ.

ನಿಜವಾದ ಅಪಾಯ ಇರುವುದು ನಿಲ್ಲಿಸಿದ ಕಾರಿನಲ್ಲಿ. ಹೊರಗೆ 35 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 45 ಡಿಗ್ರಿಯಾಗುತ್ತದೆ. ಗಾಜನ್ನು ಎರಡು ಬೆರಳಷ್ಟು ಇಳಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಚಪ್ಪಟೆ ಮೂತಿಯ ಪಗ್‌ಗೆ ಅದೂ ಕಷ್ಟ. ‘ಒಂದು ಕಾಫಿ ಕುಡಿದು ಬಂದುಬಿಡ್ತೀವಿ’ ಎಂದು ಇಳಿಯುವವರು ಇದನ್ನು ನೆನಪಿಡಬೇಕು. ನಾಯಿ ಜೊಲ್ಲು ಸುರಿಸುತ್ತ, ನಾಲಗೆ ಕಡುಗೆಂಪಾಗಿ, ಕಾಲು ತೂರಾಡತೊಡಗಿದರೆ ತಕ್ಷಣ ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದು, ಪಾದಗಳಿಗೆ ತಣ್ಣೀರು ಸುರಿದು ಗಾಳಿ ಬೀಸಿ. ಆಮೇಲೆ ನೆಟ್ಟಗೆ ವೈದ್ಯರ ಬಳಿಗೆ.

ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ನಾಯಿಯ ಊಟ ಮುಗಿಸಿದ್ದರೆ ವಾಂತಿ ಕಡಿಮೆ. ನೀರನ್ನು ಮಾತ್ರ ತಪ್ಪಿಸಬಾರದು. ಹಿಂದಿನ ವಾರಗಳಲ್ಲಿ ಊರೊಳಗೇ ಸಣ್ಣ ಸುತ್ತು ಹಾಕಿಸಿ ಕಾರನ್ನು ಅಭ್ಯಾಸ ಮಾಡಿಸಿ.

ಬಸ್ಸು, ರೈಲು

ಬಸ್ಸಿನಲ್ಲಿ ಪ್ರಾಣಿಗೂ ಟಿಕೆಟ್ ಉಂಟು. 2018ರಲ್ಲಿ ನೆರೆಯ ಗೌರಿಬಿದನೂರು ತಾಲ್ಲೂಕಿನ ಸರ್ಕಾರಿ ಬಸ್ಸಿನಲ್ಲಿ ಎರಡು ಕೋಳಿಗಳಿಗೆ ಅರ್ಧ ಟಿಕೆಟ್ ಹರಿದುಕೊಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ನಾಯಿಯ ವಿಷಯದಲ್ಲಿ ನಿಯಮ ಬಸ್ಸಿನಿಂದ ಬಸ್ಸಿಗೆ ಬೇರೆ, ನಿಲ್ದಾಣದಲ್ಲೇ ವಿಚಾರಿಸಿಕೊಳ್ಳಿ.

ರೈಲಿನಲ್ಲಿ ನಾಯಿಯನ್ನು ಜೊತೆಯಲ್ಲಿ ಕೂರಿಸಿಕೊಳ್ಳಲು ಎಸಿ ಮೊದಲ ದರ್ಜೆಯ ಇಡೀ ಕ್ಯಾಬಿನ್ ಅಥವಾ ಕೂಪೆ ನಿಮ್ಮ ಹೆಸರಿಗೇ ಇರಬೇಕು. ಬಂಗಾರಪೇಟೆ ಹಾದು ಚೆನ್ನೈಗೆ ಹೋಗುವ ಬೃಂದಾವನ, ಲಾಲ್‌ಬಾಗ್ ಹಗಲು ರೈಲುಗಳಲ್ಲಿ ಆ ದರ್ಜೆಯೇ ಇಲ್ಲ. ಉಳಿಯುವುದು ಗಾರ್ಡ್ ಬೋಗಿಯ ನಾಯಿಪೆಟ್ಟಿಗೆ. ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿಸಬೇಕು. ಕತ್ತಲು, ಸದ್ದು ತುಂಬಿದ ಆ ಪೆಟ್ಟಿಗೆಗಿಂತ ಬಾಡಿಗೆ ಕಾರೇ ವಾಸಿ.

ದಾರಿಯಲ್ಲಿ ತಿನಿಸು, ಮದ್ದು

ಶ್ರೀನಿವಾಸಪುರ ಮಾವಿನ ನಾಡು. ಸುಗ್ಗಿಯಲ್ಲಿ ರಸ್ತೆಬದಿ ಬಿದ್ದ ಓಟೆಯನ್ನು ನಾಯಿ ನುಂಗಿದರೆ ಅದು ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ತೋಟದ ಬಳಿ ನಿಲ್ಲಿಸಿದಾಗ ಹಗ್ಗ ಕೈಯಲ್ಲೇ ಇರಲಿ. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡುತ್ತದೆ. ಈರುಳ್ಳಿ, ಚಾಕೊಲೇಟ್ ಕೂಡ ವಿಷ. ನಮ್ಮ ಜ್ವರದ ಮಾತ್ರೆಯಾದ ಪ್ಯಾರಸಿಟಮಾಲ್ ಬೆಕ್ಕಿನ ಜೀವ ತೆಗೆಯಬಲ್ಲದು.

ನಿಮ್ಮ ನಾಯಿ ಯಾರನ್ನಾದರೂ ಕಚ್ಚಿದರೆ, ಅಥವಾ ಬೀದಿನಾಯಿ ನಿಮ್ಮನ್ನೇ ಕಚ್ಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಹೋಗುವ ಊರಿನ ಪಶು ಆಸ್ಪತ್ರೆಯ ನಂಬರನ್ನು ಹೊರಡುವ ಮುಂಚೆಯೇ ಫೋನಿನಲ್ಲಿ ಉಳಿಸಿಕೊಳ್ಳಿ.