ಕಹಳೆ ಎಲ್ಲರಿಗೂ ಕೇಳಿಸುತ್ತೆ

ನಮ್ಮದು ದುರ್ಗದ ಕಡೆ ಅಂದ ತಕ್ಷಣ ಬೆಂಗಳೂರಿನಲ್ಲಿ ಯಾರಾದರೂ ಕೇಳೋದು ಓಬವ್ವನ ಬಗ್ಗೆ. 1972ರ ‘ನಾಗರಹಾವು’ ನೋಡಿದವರಿಗೆ ಒನಕೆ ಹಿಡಿದ ಜಯಂತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಊಟಕ್ಕೆ ಹೋಗಿದ್ದ ಓಬವ್ವನ ಗಂಡನ ಕಡೆ ಮಾತ್ರ ಯಾರ ಗಮನವೂ ಹೋಗಲ್ಲ. ಅವನು ಬರೀ ಕಾವಲುಗಾರನಲ್ಲ. ಶತ್ರು ಕಂಡರೆ ಕಹಳೆ ಊದಿ ಇಡೀ ಕೋಟೆಯನ್ನು ಎಚ್ಚರಿಸೋದು ಅವನ ಕೆಲಸ. ಅದಕ್ಕೇ ನಮ್ಮ ಕಡೆ ‘ಕಹಳೆ ಮುದ್ದಹನುಮ’ ಅನ್ನುತ್ತಾರೆ.

ಕಹಳೆ ಅಂದರೆ ಆ ಕಾಲದ ವೈರ್‌ಲೆಸ್. ಊದಿದ್ದು ಬೆಟ್ಟದ ಮೇಲಿನ ಬತೇರಿಗೂ ಕೇಳುತ್ತೆ, ಕೆಳಗೆ ಬೀಡುಬಿಟ್ಟ ಹೈದರಾಲಿಯ ಸೈನ್ಯಕ್ಕೂ ಕೇಳುತ್ತೆ. ಏಳು ಸುತ್ತಿನ ಕಲ್ಲಿನ ಕೋಟೆ ಆನೆ, ಕುದುರೆಗಳನ್ನು ತಡೆಯಬಹುದು, ಶಬ್ದವನ್ನು ತಡೆಯಲ್ಲ. ಗುಟ್ಟು ಉಳಿಯಬೇಕಾದರೆ ಒಂದೇ ದಾರಿ: ಶಬ್ದ ಎಲ್ಲರಿಗೂ ಕೇಳಲಿ, ಅರ್ಥ ಮಾತ್ರ ನಮ್ಮವರಿಗೇ ಗೊತ್ತಿರಲಿ. ನಿಮ್ಮ ಮನೆಯ ವೈ-ಫೈ ನಡೆಯೋದೂ ಹೀಗೇ. ರೂಟರ್‌ನ ಮಾತು ಪಕ್ಕದ ಮನೆಗೂ ಕೇಳಿಸುತ್ತೆ, ರಸ್ತೆಯಲ್ಲಿ ನಿಂತ ಕಾರಿಗೂ ಕೇಳಿಸುತ್ತೆ.

ಇದು ಗೊತ್ತಿದ್ದೂ ಮರೆಯೋದು ನಮ್ಮ ಹಳೇ ಚಾಳಿ. ತನ್ನ ಯಂತ್ರವನ್ನು ಸರಿಯಾಗಿ ಟ್ಯೂನ್ ಮಾಡಿದರೆ ಬೇರೆಯವರಿಗೆ ಕೇಳಿಸಲ್ಲ ಅಂತ ಮಾರ್ಕೋನಿ ಹೇಳಿಕೊಂಡಿದ್ದ. ಸಮುದ್ರದಡಿ ತಂತಿ ಎಳೆದು ದುಡ್ಡು ಮಾಡುತ್ತಿದ್ದ ಈಸ್ಟರ್ನ್ ಟೆಲಿಗ್ರಾಫ್ ಕಂಪನಿ ನೆವಿಲ್ ಮಸ್ಕಲೀನ್ ಅನ್ನೋ ಜಾದೂಗಾರನನ್ನು ಕೆಲಸಕ್ಕೆ ಇಟ್ಟುಕೊಂಡಿತು. ಅವನು ಕಂಬ ನೆಟ್ಟು ಮಾರ್ಕೋನಿಯ ಸಂದೇಶಗಳನ್ನು ಕದ್ದು ಕೇಳಿದ. 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರದರ್ಶನ ನಡೆಯುವ ಹೊತ್ತಿಗೆ ಅಲ್ಲಿನ ಯಂತ್ರಕ್ಕೆ ‘ರ್‍ಯಾಟ್ಸ್, ರ್‍ಯಾಟ್ಸ್’ ಅಂತ ತನ್ನದೇ ಸಂದೇಶ ನುಗ್ಗಿಸಿ ಮಾನ ಕಳೆದ.

ಸುಮಾರು ನೂರು ವರ್ಷ ಆದಮೇಲೆ ವೈ-ಫೈ ಬಂತು. 1997ರ ಮೊದಲ ಮಾನದಂಡದಲ್ಲೇ ‘ವೆಪ್’ ಅನ್ನೋ ಬೀಗ ಇತ್ತು. ತಂತಿಯಲ್ಲಿ ಎಷ್ಟು ಗುಟ್ಟು ಉಳಿಯುತ್ತೋ ಗಾಳಿಯಲ್ಲೂ ಅಷ್ಟೇ ಉಳಿಸ್ತೀವಿ ಅನ್ನೋದು ಆ ಹೆಸರಿನ ಅರ್ಥ. ಆದರೆ ಅದರ ಕೀಲಿ ಬರೀ 40 ಬಿಟ್. ಗಟ್ಟಿ ಗೂಢಲಿಪಿಯನ್ನು ಹೊರದೇಶಕ್ಕೆ ಕಳಿಸಲು ಅಮೆರಿಕ ಆಗ ಸುಲಭವಾಗಿ ಬಿಡುತ್ತಿರಲಿಲ್ಲ. ನಮ್ಮಲ್ಲೂ ಅದೇ ಕಥೆ. ಇಂಟರ್ನೆಟ್ ಕಂಪನಿಗಳಿಗೆ ದೂರಸಂಪರ್ಕ ಇಲಾಖೆ ಕೊಟ್ಟ ಹಳೇ ಲೈಸೆನ್ಸ್‌ನಲ್ಲಿ, 40 ಬಿಟ್‌ಗಿಂತ ದೊಡ್ಡ ಕೀಲಿ ಬಳಸಬೇಕಾದರೆ ಅನುಮತಿ ಬೇಕು ಅಂತಿತ್ತು. ಕಳ್ಳರಿಗೆ ತೆರೆಯಬಾರದು, ಸರ್ಕಾರಕ್ಕೆ ತೆರೆಯಬೇಕು. ಅಂಥ ಬೀಗ ಎಲ್ಲಿ ಸಿಗುತ್ತೆ ಹೇಳಿ?

ಆಮೇಲೆ 104 ಬಿಟ್ ಕೀಲಿ ಬಂದರೂ ವೆಪ್ ಉಳಿಯಲಿಲ್ಲ. ಯಾಕೆ ಅಂತ ತಿಳಿಯೋಕೆ ಮತ್ತೆ ದುರ್ಗಕ್ಕೆ ಬರೋಣ. ಹೈದರನ ಕಡೆಯವರು ಗೋಡೆ ಒಡೆದು ಓಬವ್ವನ ಕಿಂಡಿ ಕಂಡುಹಿಡಿಯಲಿಲ್ಲ. ಅಲ್ಲಿಂದ ಜನ ಓಡಾಡೋದನ್ನು ನೋಡಿ ಪತ್ತೆ ಮಾಡಿದರು ಅನ್ನುತ್ತೆ ಐತಿಹ್ಯ. ದಿನನಿತ್ಯದ ಓಡಾಟವೇ ಗುಟ್ಟು ಬಿಟ್ಟುಕೊಟ್ಟಿತು. ವೆಪ್ ಪ್ರತಿ ಪ್ಯಾಕೆಟ್‌ಗೂ 24 ಬಿಟ್‌ನ ಒಂದು ಸಂಖ್ಯೆಯನ್ನು ಕೀಲಿಗೆ ಅಂಟಿಸುತ್ತಿತ್ತು. ಅಂಥ ಸಂಖ್ಯೆಗಳು ಇರೋದೇ 1,67,77,216. ಜನ ಜಾಸ್ತಿ ಬಳಸೋ ನೆಟ್‌ವರ್ಕ್‌ನಲ್ಲಿ ಕೆಲವೇ ಗಂಟೆಯಲ್ಲಿ ಖಾಲಿಯಾಗಿ ಮತ್ತೆ ಹಳೇದೇ ಬರುತ್ತೆ. ಅದರಲ್ಲೂ ಕೆಲವು ಸಂಖ್ಯೆಗಳು ಕೀಲಿಯ ಚೂರುಗಳನ್ನೇ ಹೊರಹಾಕುತ್ತವೆ ಅಂತ 2001ರಲ್ಲಿ ಫ್ಲೂರರ್, ಮ್ಯಾಂಟಿನ್, ಶಮೀರ್ ತೋರಿಸಿದರು. ಸುಮ್ಮನೆ ಕೂತು ಕೇಳಿಸಿಕೊಂಡರೆ ಸಾಕಿತ್ತು. 2007ಕ್ಕೆ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು ಅದನ್ನು ಒಂದು ನಿಮಿಷದೊಳಗಿನ ಕೆಲಸ ಮಾಡಿಟ್ಟರು. ಅದೇ ವರ್ಷ ಅಮೆರಿಕದ ಟಿಜೆಎಕ್ಸ್ ಅಂಗಡಿ ಸರಣಿಯಿಂದ 4.5 ಕೋಟಿಗೂ ಹೆಚ್ಚು ಕಾರ್ಡ್‌ಗಳ ವಿವರ ಕಳುವಾದ ಸುದ್ದಿ ಹೊರಬಿತ್ತು. ಕಳ್ಳರು ಒಳಬಂದ ಕಿಂಡಿ ಇದೇ ವೆಪ್.

ನಮ್ಮ ದೇಶ ವೈ-ಫೈಗೆ ಬೀಗ ಹಾಕೋಕೆ ಶುರುಮಾಡಿದ್ದು ಬೇರೆ ಕಾರಣಕ್ಕೆ. 2008ರ ಜುಲೈ 26ರಂದು, ಬೆಂಗಳೂರು ಸ್ಫೋಟದ ಮಾರನೇ ದಿನ, ಅಹಮದಾಬಾದಿನಲ್ಲಿ ಬಾಂಬ್‌ಗಳು ಸಿಡಿದವು. ಅದಕ್ಕೆ ಕೆಲವೇ ನಿಮಿಷ ಮೊದಲು ಹೋಗಿದ್ದ ಬೆದರಿಕೆ ಇ-ಮೇಲ್ ನವಿ ಮುಂಬೈನ ಮನೆಯೊಂದರ ತೆರೆದ ವೈ-ಫೈನಿಂದ ಹೊರಟಿತ್ತು. 2009ರಲ್ಲಿ ದೂರಸಂಪರ್ಕ ಇಲಾಖೆ, ವೈ-ಫೈ ಬಳಸೋರ ಗುರುತು ಸಿಗುವ ವ್ಯವಸ್ಥೆ ಇರಲೇಬೇಕು ಅಂತ ಸೂಚಿಸಿತು. ಇವತ್ತು ರೈಲ್ವೆ ಸ್ಟೇಷನ್‌ನಲ್ಲಿ ಒಟಿಪಿ ಕೇಳೋದರ ಬೇರು ಇಲ್ಲಿದೆ.

ಆದರೆ ಒಂದು ವಿಷಯ ಗಮನಿಸಿ. ‘ಯಾರು ಬಳಸಿದರು’ ಅನ್ನೋದಕ್ಕೆ ಒಟಿಪಿ ಉತ್ತರ ಕೊಡುತ್ತೆ. ‘ಯಾರು ಕದ್ದು ಕೇಳಿದರು’ ಅನ್ನೋದಕ್ಕೆ ಅದರ ಹತ್ತಿರ ಉತ್ತರ ಇಲ್ಲ. ವೈ-ಫೈಗೇ ಪಾಸ್‌ವರ್ಡ್ ಇಲ್ಲದೆ, ಕನೆಕ್ಟ್ ಆದಮೇಲೆ ಒಟಿಪಿ ಕೇಳೋ ಕಡೆ ಸಾಮಾನ್ಯವಾಗಿ ಗಾಳಿಯಲ್ಲಿ ಹೋಗೋ ಡೇಟಾಕ್ಕೆ ಯಾವ ಬೀಗವೂ ಇರಲ್ಲ. ಅಲ್ಲಿ ನಿಮ್ಮನ್ನು ಕಾಯೋದು ಆಯಾ ವೆಬ್‌ಸೈಟಿನ, ಆ್ಯಪಿನ ಎಚ್‌ಟಿಟಿಪಿಎಸ್ ಮಾತ್ರ.

ಮನೆಗಳಿಗೆ 2004ರಲ್ಲಿ ‘ಡಬ್ಲ್ಯುಪಿಎ2’ ಬಂತು. ಗೂಢಲಿಪಿ ಗಟ್ಟಿಯಾಯ್ತು, ಪಾಸ್‌ವರ್ಡ್ ಇಡೋರು ಮಾತ್ರ ನಾವೇ. ಫೋನು ರೂಟರ್‌ಗೆ ಸೇರುವಾಗಿನ ನಾಲ್ಕು ಸಂದೇಶಗಳನ್ನು ಒಬ್ಬ ಹಿಡಿದುಕೊಂಡರೆ, ಮನೆಗೆ ಹೋಗಿ ನಿಧಾನವಾಗಿ ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಬಹುದು. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿಗೂ ಈಗ ಫೈಬರ್ ಬಂದಿದೆ. ಹಾಕಲು ಬಂದ ಹುಡುಗರು ನೆನಪಿರಲಿ ಅಂತ ಮನೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಇಟ್ಟು ಹೋಗ್ತಾರೆ. ಹಿರಿಯೂರು, ಹೊಸದುರ್ಗದ ನೆಂಟರ ಮನೆಗಳಲ್ಲೂ ನೋಡಿದ್ದೀನಿ. ಲೆಕ್ಕ ಹಾಕಿ: 6, 7, 8, 9ರಿಂದ ಶುರುವಾಗೋ ಹತ್ತಂಕಿಯ ನಂಬರುಗಳು ಒಟ್ಟು 400 ಕೋಟಿ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಪರೀಕ್ಷಿಸುತ್ತೆ. ಅಂದರೆ ಎಲ್ಲಾ ನಂಬರೂ ಮುಗಿಯೋಕೆ 4000 ಸೆಕೆಂಡ್. ಒಂದು ಗಂಟೆ ಏಳು ನಿಮಿಷ.

ಒಳಗೆ ಬಂದವನಿಗೆ ಅಪ್ಪನ ಬ್ಯಾಂಕ್ ಆ್ಯಪ್ ಕಾಣಲ್ಲ, ನಿಜ. ಆದರೆ ಅಡಿಕೆ ಒಣಗಿಸೋ ಕಣದ ಕ್ಯಾಮೆರಾ, ಪಾಸ್‌ವರ್ಡೇ ಬದಲಿಸದ ರೂಟರ್ ಅವನ ಕೈಗೆ ಎಟುಕುತ್ತೆ. ಡಬ್ಲ್ಯುಪಿಎ2ನಲ್ಲಿ ಇನ್ನೊಂದು ತೊಂದರೆ ಇದೆ. ಪಾಸ್‌ವರ್ಡ್ ಗೊತ್ತಿರೋ ಯಾರೇ ಆದರೂ, ನೀವು ಸೇರುವಾಗಿನ ಸಂದೇಶ ಹಿಡಿದಿದ್ದರೆ, ನಿಮ್ಮ ಪ್ಯಾಕೆಟ್ ಬಿಚ್ಚಿ ನೋಡಬಹುದು. ಪಿಜಿಯಲ್ಲಿ ಮೂವತ್ತು ಜನಕ್ಕೆ ಒಂದೇ ಪಾಸ್‌ವರ್ಡ್ ಇದ್ದರೆ ಆ ಮೂವತ್ತೂ ಜನ ಕೋಟೆಯ ಒಳಗಿನವರೇ. 1779ರಲ್ಲಿ ದುರ್ಗ ಬಿದ್ದದ್ದು ಕಿಂಡಿಯಿಂದಲ್ಲ, ಒಳಗಿನವರು ಕೈಕೊಟ್ಟಿದ್ದರಿಂದ ಅಂತ ಇತಿಹಾಸ ಬರೆದವರು ಹೇಳುತ್ತಾರೆ. ಮದಕರಿ ನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ.

2018ರಲ್ಲಿ ಬಂದ ‘ಡಬ್ಲ್ಯುಪಿಎ3’ ಈ ಎರಡಕ್ಕೂ ಮದ್ದು ಹುಡುಕಿದೆ. ಇಲ್ಲಿ ಕದ್ದು ಕೇಳಿದ್ದನ್ನು ಮನೆಗೆ ಒಯ್ದು ಪಾಸ್‌ವರ್ಡ್ ಊಹಿಸೋಕೆ ಆಗಲ್ಲ, ಪ್ರತಿ ಊಹೆಗೂ ರೂಟರ್ ಮುಂದೆಯೇ ಬಂದು ಕೇಳಬೇಕು. ಪಾಸ್‌ವರ್ಡ್ ಗೊತ್ತಿದ್ದವನೂ ಸುಮ್ಮನೆ ಕೇಳಿಸಿಕೊಂಡು ಇನ್ನೊಬ್ಬರ ಮಾತು ಬಿಚ್ಚಲಾರ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಹತ್ತು ನಿಮಿಷ ರೂಟರ್ ಮುಂದೆ ಕೂತ್ಕೊಳ್ಳಿ. ಡಬ್ಲ್ಯುಪಿಎ3 ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಡಬ್ಲ್ಯುಪಿಎ2 ಇರಲಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈ-ಫೈಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ ಇಡಿ. ಅಮ್ಮನಿಗೂ ನೆನಪಿರುತ್ತೆ, ಗ್ರಾಫಿಕ್ಸ್ ಕಾರ್ಡಿಗೂ ಸುಸ್ತಾಗುತ್ತೆ. ‘ಒನಕೆ ಓಬವ್ವ’ ಅಂತ ಮಾತ್ರ ಇಡಬೇಡಿ. ದುರ್ಗದವರು ಅಂದಮೇಲೆ ಯಾರೇ ಆದರೂ ಮೊದಲು ಅದನ್ನೇ ಊಹಿಸ್ತಾರೆ.