ಲಿನಕ್ಸಿನ ಕರಕರ ಸದ್ದು: ತಪ್ಪು ಯಾರದ್ದು?

ಜನವಾಡದ ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನ ಹಾಕಿದರೆ ಒಂದು ಕಾಲಕ್ಕೆ ಅರ್ಧ ಹಾಡು, ಅರ್ಧ ಕರಕರ! ಆಗ ಲಿನಕ್ಸ್ ಬಳಸಿದವರಿಗೆ ಈ ಕಾಟ ನೆನಪಿರಬಹುದು. ಹೆಚ್ಚಿನವರು ಬೈದದ್ದು ಪಲ್ಸ್‌ಆಡಿಯೋವನ್ನು. ಚರಿತ್ರೆ ಬೇರೆಯೇ ಹೇಳುತ್ತದೆ.

1992ರಲ್ಲಿ ಹನ್ನು ಸವೋಲೈನೆನ್ ಶುರುಮಾಡಿದ ಓಎಸ್‌ಎಸ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಮಿಗೆ ಸೌಂಡ್ ಕಾರ್ಡ್ ಸಿಗುತ್ತಿತ್ತು. ಹಾಡು ಓಡುತ್ತಿದ್ದರೆ ಚಾಟಿನ ಸದ್ದಿಲ್ಲ! 2003ರ ಕೊನೆಗೆ ಬಂದ 2.6 ಕರ್ನೆಲ್‌ನಲ್ಲಿ ಆ ಜಾಗ ಆಲ್ಸಾ ಡ್ರೈವರುಗಳದಾಯಿತು. ಎಲ್ಲರ ಸದ್ದನ್ನೂ ಬೆರೆಸಿ ಕೊಡುವ ಪಲ್ಸ್‌ಆಡಿಯೋ 2007ರಲ್ಲಿ ಫೆಡೋರಾ 8ಕ್ಕೆ, 2008ರಲ್ಲಿ ಉಬುಂಟು 8.04ಕ್ಕೆ ಬಂತು.

2008ರಲ್ಲೇ ಅದು ಕಾರ್ಡಿನ ಇಂಟರಪ್ಟ್‌ಗೆ ಕಾಯುವುದು ಬಿಟ್ಟು ಟೈಮರ್ ನೆಚ್ಚಿಕೊಂಡಿತು. ಎಷ್ಟು ನುಡಿಸಿ ಆಯಿತು ಅಂತ ಡ್ರೈವರನ್ನು ಕೇಳಿ, ಅದರ ಮೇಲೆ ಮುಂದಿನ ಲೆಕ್ಕ. ಕೆಲವು ಡ್ರೈವರುಗಳ ಉತ್ತರವೇ ತಪ್ಪು... ಬಫರ್ ಬರಿದಾಗಿ ಕರಕರ! ಟೈಮರ್ ಆಫ್ ಮಾಡಿದಾಗ ನಮ್ಮ ಮನ್ಸೂರರೂ ಸರಿಹೋದರು. ಹಾಗೆ ಸರಿಹೋದರೆ ಡ್ರೈವರ್ ಮೇಲೆ ಅನುಮಾನ ಪಡಬೇಕು. ಜೋರು ದನಿ ಮಾತ್ರ ಒಡೆದರೆ ಅದು ಬೇರೆ ರೋಗ, ವಾಲ್ಯೂಮ್ 100% ದಾಟಿದೆಯಾ ನೋಡಿ.

2021ರಲ್ಲಿ ಫೆಡೋರಾ 34 ಪೈಪ್‌ವೈರ್‌ಗೆ ಬದಲಾಯಿತು. ಕೆಳಗಿರುವುದು ಮಾತ್ರ ಅದೇ ಆಲ್ಸಾ. ಬೈಯುವ ಮುಂಚೆ ಒಂದು ಮೆಟ್ಟಿಲು ಕೆಳಗಿಳಿದು ನೋಡಿ, ಆಯ್ತಾ? :)