ಟೊಂಕದ ಬೆನ್ನೆಲುಬಿನ ಸ್ನಾಯುಬಲಗಳ ಕಂಪ್ಯೂಟರ್ ಮಾದರಿ

ಬಾಗುವಾಗ, ಎತ್ತುವಾಗ, ಹೊರುವಾಗ ಟೊಂಕದ ಐದು ಕಶೇರುಕಗಳನ್ನು ಸ್ನಾಯುಗಳು ಎಷ್ಟು ಬಲದಿಂದ ಎಳೆಯುತ್ತವೆ, ಅವುಗಳ ನಡುವಿನ ಡಿಸ್ಕುಗಳ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂಬುದನ್ನು ಗಣಿತದಿಂದ ಅಂದಾಜಿಸುವ ವಿಧಾನ. ಜೀವಂತ ದೇಹದಲ್ಲಿ ಒಂದೊಂದೇ ಸ್ನಾಯುವಿನ ಬಲವನ್ನು ನೇರವಾಗಿ ಅಳೆಯಲಾಗದ್ದರಿಂದ ಈ ಲೆಕ್ಕ ಬೇಕಾಯಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಕಬ್ಬಿನ ಸೀಮೆಯ ದುಡಿಮೆಗೆ ಇದು ನೇರವಾಗಿ ಸಂಬಂಧಿಸಿದೆ.

ಮೂಲತತ್ವ: 20 ಕಿಲೋ ಹೊರೆ ಡಿಸ್ಕಿನಿಂದ 40 ಸೆಂ.ಮೀ. ಮುಂದಿದೆ, ಬೆನ್ನಿನ ಸ್ನಾಯುಗಳು 5 ಸೆಂ.ಮೀ. ಹಿಂದಿವೆ ಎಂದುಕೊಳ್ಳೋಣ. ಒಂದು ತೋಳು ತೀರ ಗಿಡ್ಡಾದ ತಕ್ಕಡಿಯ ಹಾಗೆ, 200 ನ್ಯೂಟನ್ ಭಾರವನ್ನು ಸರಿತೂಗಿಸಲು ಸ್ನಾಯುಗಳು 1,600 ನ್ಯೂಟನ್ ಎಳೆಯಬೇಕು. ಬಾಗಿದ ಮೈಯ ತೂಕ ಇದಕ್ಕೆ ಸೇರುತ್ತದೆ. ಟೊಂಕವನ್ನು ಹೆಚ್ಚು ಒತ್ತುವುದು ಹೊರೆಗಿಂತ ಸ್ನಾಯುವಿನ ಎಳೆತವೇ.

ಇತಿಹಾಸ: ಸ್ನಾಯುಬಲವನ್ನು ಸನ್ನೆಯ ನಿಯಮದಿಂದ ಲೆಕ್ಕ ಹಾಕಿದವರಲ್ಲಿ ಇಟಲಿಯ ಬೊರೆಲ್ಲಿ ಮೊದಲಿಗ; ಅವನ ಗ್ರಂಥ 1680–81ರಲ್ಲಿ ಅಚ್ಚಾಯಿತು. ಪೂರ್ತಿ ಬಾಗಿದಾಗ ಬೆನ್ನಿನ ಸ್ನಾಯುಗಳು ಸಡಿಲಾಗಿ ಭಾರವನ್ನು ಅಸ್ಥಿರಜ್ಜುಗಳು ಹೊರುತ್ತವೆ ಎಂದು ಫ್ಲಾಯ್ಡ್ ಮತ್ತು ಸಿಲ್ವರ್ 1950ರ ದಶಕದಲ್ಲಿ ತೋರಿಸಿದರು. 1960ರ ದಶಕದಲ್ಲಿ ಸ್ವೀಡನ್ನಿನ ನ್ಯಾಕೆಮ್ಸನ್ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ಡಾನ್ ಚಾಫಿನ್ 1969ರಲ್ಲಿ ಕಂಪ್ಯೂಟರ್ ಮಾದರಿಯನ್ನು ಪ್ರಕಟಿಸಿದರು. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯಾಶ್ ಸಂಸ್ಥೆ 1981ರಲ್ಲಿ ಡಿಸ್ಕಿನ ಮೇಲಿನ 3,400 ನ್ಯೂಟನ್ ಒತ್ತಡವನ್ನು ಎಚ್ಚರಿಕೆಯ ಮಟ್ಟವೆಂದು ಗುರುತಿಸಿತು.

ಈ ಲೆಕ್ಕದಲ್ಲಿ ಸ್ನಾಯುಗಳು ಹಲವು, ಬಲಗಳನ್ನು ಸರಿತೂಗಿಸುವ ಸಮೀಕರಣಗಳು ಕೆಲವೇ. ಹಾಗಾಗಿ ಉತ್ತರ ಒಂದೇ ಇರುವುದಿಲ್ಲ. ಶುಲ್ಟ್ಸ್ ಮತ್ತು ಆಂಡರ್ಸನ್ 1981ರಲ್ಲಿ ಕನಿಷ್ಠ ಒತ್ತಡದ ಉತ್ತರವನ್ನು ಆರಿಸುವ ದಾರಿ ಹಿಡಿದರು. ಆದರೆ ದೇಹ ಸಮತೋಲಕ್ಕಾಗಿ ಎದುರುಬದುರಿನ ಸ್ನಾಯುಗಳನ್ನು ಒಟ್ಟಿಗೆ ಬಿಗಿಹಿಡಿಯುತ್ತದೆ. ಇದನ್ನು ಹಿಡಿಯಲು ಕೆನಡಾದ ಮೆಕ್‌ಗಿಲ್, ಅಮೆರಿಕದ ಮಾರಸ್ ಮುಂತಾದವರು 1980ರ ದಶಕದಿಂದ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಮಾದರಿಗೆ ಕೊಟ್ಟರು. 1999ರಲ್ಲಿ ವಿಲ್ಕೆ ತಂಡದ ಅಳತೆಯಲ್ಲಿ, ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ ಡಿಸ್ಕಿನ ಒತ್ತಡ 2.3 ಮೆಗಾಪಾಸ್ಕಲ್, ನಿಂತಾಗ 0.5. ಕ್ರಿಸ್ಟೊಫಿ ಮತ್ತು ಸಂಗಡಿಗರ 2012ರ ಮಾದರಿಯಲ್ಲಿ 238 ಸ್ನಾಯುಕಟ್ಟುಗಳಿವೆ. ಅದು ಓಪನ್‌ಸಿಮ್ ತಂತ್ರಾಂಶದಲ್ಲಿ ಓಡುತ್ತದೆ.

ಕಬ್ಬಿನ ತಾಲೂಕುಗಳಲ್ಲಿ: ಉಗಾರ ಖುರ್ದಿನ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ, ಕೃಷ್ಣಾ, ದೂಧಗಂಗಾ ನೀರಿನ ಈ ಬಯಲಲ್ಲಿ ಇಂದು ಕಾರ್ಖಾನೆಗಳು ಹಲವು. ಬುಡದಲ್ಲೇ ಸಕ್ಕರೆ ಹೆಚ್ಚಾದ್ದರಿಂದ ಕಬ್ಬನ್ನು ನೆಲಕ್ಕೆ ತಾಗಿಸಿ ಕಡಿಯಬೇಕು. ಕಡಿಯುವವರ ಬೆನ್ನು ಹೊತ್ತೆಲ್ಲ ಬಾಗಿಯೇ ಇರುತ್ತದೆ. ಆಮೇಲೆ ಹೊರೆ ಕಟ್ಟಿ, ತಲೆಯ ಮೇಲಿಟ್ಟು, ಹಲಗೆ ಹತ್ತಿ ಟ್ರ್ಯಾಕ್ಟರ್ ಟ್ರೇಲರಿಗೆ ಹಾಕಬೇಕು. ತಲೆಹೊರೆ ಬೆನ್ನಿನ ನೇರಕ್ಕಿರುವುದರಿಂದ ಸನ್ನೆಯ ಲೆಕ್ಕದಲ್ಲಿ ಹಗುರ. ಆದರೆ ಅಲುಗುವ ಹಲಗೆಯ ಮೇಲೆ ಮೈ ಬೀಳದಂತೆ ಸ್ನಾಯುಗಳೆಲ್ಲ ಬಿಗಿಯುವುದರಿಂದ ಒತ್ತಡ ಏರುತ್ತದೆ. 23 ಕಿಲೋವನ್ನು ಆಧಾರವಾಗಿಟ್ಟ ನಿಯಾಶ್‌ನ 1991ರ ಸೂತ್ರ ಅಸ್ಥಿರ ಹೊರೆಗೂ, ಹೊತ್ತು ನಡೆಯುವ ಕೆಲಸಕ್ಕೂ ಅನ್ವಯಿಸುವುದಿಲ್ಲ. ಹಾಗಾಗಿ ಇಲ್ಲಿ ಸ್ನಾಯುಮಾದರಿಯೇ ಬೇಕು.

ಮಿತಿ ಮತ್ತು ಮಹತ್ವ: ಮಾದರಿ ಕೊಡುವುದು ಅಂದಾಜು, ದೇಹದ ಅಳತೆಗಳು ಬದಲಾದರೆ ಉತ್ತರವೂ ಬದಲಾಗುತ್ತದೆ. ಆದ್ದರಿಂದ ಇಲ್ಲಿಯ ಗಂಡಸರ, ಹೆಂಗಸರ ಅಳತೆ, ಹೊರೆಯ ತೂಕ, ಹಲಗೆಯ ಇಳಿಜಾರು ಲೆಕ್ಕಕ್ಕೆ ಬರಬೇಕು. ಕೂಲಿ ಟನ್ನಿನ ಲೆಕ್ಕದಲ್ಲಿರುವ ಕೆಲಸದಲ್ಲಿ ಹೊರೆ ಹಗುರಾದರೆ ಸುತ್ತು ಹೆಚ್ಚುತ್ತದೆ. ದೊಡ್ಡ ಹೊರೆಯ ಒಂದು ಸುತ್ತು, ಸಣ್ಣ ಹೊರೆಯ ಎರಡು ಸುತ್ತು — ಟೊಂಕಕ್ಕೆ ಯಾವುದು ಮೇಲು ಎಂಬುದನ್ನು, ಯಾರ ಬೆನ್ನನ್ನೂ ಪಣಕ್ಕಿಡದೆ, ಮೊದಲೇ ಹೋಲಿಸಿ ನೋಡಲು ಈ ಮಾದರಿಗಳಿಂದ ಸಾಧ್ಯ.